ಲಾಲ್‌ಬಾಗ್‌ನಲ್ಲಿ ಒಂದು ಚಳಿಗಾಲದ ಬೆಳಗು: ಹಕ್ಕಿಗಳನ್ನು ನೋಡುವ ಕ್ರಮ

ಬೆಂಗಳೂರಿನಲ್ಲಿ ಹಕ್ಕಿ ನೋಡಲು ಹೊರಡುವವರು ಮೊದಲು ಊರಾಚೆಯ ಕಾಡು, ಕೆರೆಗಳ ಹೆಸರು ಹೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಕ್ಕಿಗಳನ್ನು ಗುರುತಿಸಲು ಈಗಷ್ಟೇ ಕಲಿಯುತ್ತಿರುವವರಿಗೆ ಊರೊಳಗಿನ ಲಾಲ್‌ಬಾಗ್‌ಗಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದೇ ನನ್ನ ಅಭಿಪ್ರಾಯ. 1760ರಲ್ಲಿ ಹೈದರ್ ಅಲಿ ಆರಂಭಿಸಿದ, ಈಗ ಸುಮಾರು 240 ಎಕರೆಗಳಷ್ಟು ಹರಡಿರುವ ಈ ತೋಟದಲ್ಲಿ ಒಂದು ಕೆರೆ, ದೇಶವಿದೇಶಗಳಿಂದ ತಂದು ನೆಟ್ಟ ಭಾರೀ ಮರಗಳು ಮತ್ತು ಒಂದು ದೊಡ್ಡ ಬೋಳು ಬಂಡೆ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ನೀರಿನ ಹಕ್ಕಿ, ಮರದ ಹಕ್ಕಿ, ಬಾನಿನಲ್ಲಿ ಸುತ್ತುವ ಹಕ್ಕಿ ಎಂಬ ಮೂರು ಬಗೆಗಳೂ ಒಂದೇ ಬೆಳಗಿನಲ್ಲಿ ಸಿಗುತ್ತವೆ. ಜೊತೆಗೆ ಇಲ್ಲಿನ ಹಕ್ಕಿಗಳಿಗೆ ಮನುಷ್ಯರ ಓಡಾಟ ರೂಢಿಯಾಗಿರುವುದರಿಂದ ಅವು ಕಾಡಿನ ಹಕ್ಕಿಗಳಷ್ಟು ಬೇಗ ಹಾರಿಹೋಗುವುದಿಲ್ಲ.

ಚಳಿಗಾಲವನ್ನೇ ಆರಿಸಿಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಸೆಪ್ಟೆಂಬರ್‌ನಿಂದ ಬರಲಾರಂಭಿಸುವ ವಲಸೆಹಕ್ಕಿಗಳು ಡಿಸೆಂಬರ್ ಹೊತ್ತಿಗೆ ನೆಲೆಯೂರಿರುತ್ತವೆ. ಹಿಮಾಲಯದಲ್ಲಿ ಮತ್ತು ಅದರಾಚೆಯ ನಾಡುಗಳಲ್ಲಿ ಮರಿಮಾಡುವ ಹಲವು ಹಕ್ಕಿಗಳು ಮಾರ್ಚ್‌ವರೆಗೂ ಇಲ್ಲಿಯೇ ಇರುತ್ತವೆ. ಎರಡನೆಯದಾಗಿ, ಜನವರಿ ಕಳೆಯುತ್ತ ಬಂದಂತೆ ಹಲವು ಮರಗಳು ಎಲೆ ಉದುರಿಸುವುದರಿಂದ ಮಳೆಗಾಲದಲ್ಲಿ ಹಸಿರಿನ ನಡುವೆ ಬರೀ ದನಿಯಾಗಿ ಉಳಿಯುತ್ತಿದ್ದ ಹಕ್ಕಿ ಈಗ ಬೋಳು ಕೊಂಬೆಯ ಮೇಲೆ ಪೂರ್ತಿಯಾಗಿ ಕಾಣಿಸುತ್ತದೆ.

ಹೊರಡುವ ಮುನ್ನ

ತೋಟದ ಬಾಗಿಲು ಬೆಳಿಗ್ಗೆ 6 ಗಂಟೆಗೆ ತೆರೆಯುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಸೂರ್ಯೋದಯ ಸುಮಾರು 6.30ಕ್ಕೆ. ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ 21ರ ಹೊತ್ತಿಗಾದರೂ ಸೂರ್ಯೋದಯ ಮಾತ್ರ ಆಮೇಲೂ ತಡವಾಗುತ್ತಲೇ ಹೋಗಿ, ಜನವರಿಯ ಕೊನೆಯ ಭಾಗದಲ್ಲಿ ಸುಮಾರು 6.45ಕ್ಕೆ ಮುಟ್ಟುತ್ತದೆ. ಆದ್ದರಿಂದ ಜನವರಿಯಲ್ಲಿ ಹೋಗುವವರು ಗಾಬರಿಯಿಂದ ಎದ್ದು ಓಡಬೇಕಾಗಿಲ್ಲ, 6.15ಕ್ಕೆ ಒಳಗಿದ್ದರೆ ಸಾಕು. ಪಶ್ಚಿಮ ದ್ವಾರದ ಸಮೀಪದಲ್ಲಿಯೇ ಮೆಟ್ರೊ ನಿಲ್ದಾಣವಿದೆ. ಆದರೆ ಭಾನುವಾರ ರೈಲುಗಳು ವಾರದ ಉಳಿದ ದಿನಗಳಿಗಿಂತ ತಡವಾಗಿ ಆರಂಭವಾಗುವುದರಿಂದ ವೇಳೆಯನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಬೇಕು. ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡುವುದು ಒಳ್ಳೆಯದು. ಹೂವು ನೋಡಲು ಬರುವವರ ಗದ್ದಲದಲ್ಲಿ ಹಕ್ಕಿಯ ದನಿ ಕೇಳುವುದಿಲ್ಲ.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಬೆಳಗಿನ ಜಾವದ ತಾಪಮಾನ ಸಾಮಾನ್ಯವಾಗಿ 15-16 ಡಿಗ್ರಿಯ ಸುಮಾರಿನಲ್ಲಿದ್ದು, 9 ಗಂಟೆಯ ಹೊತ್ತಿಗೆ ಬಿಸಿಲು ಚುರುಕಾಗುತ್ತದೆ. ಸುಲಭವಾಗಿ ಕಳಚಬಹುದಾದ ಸ್ವೆಟರ್, ಮಾಸಲು ಬಣ್ಣದ ಬಟ್ಟೆ, ಸದ್ದು ಮಾಡದ ಚಪ್ಪಲಿ ಅಥವಾ ಬೂಟು ಸಾಕು. ಸುಗಂಧ ದ್ರವ್ಯ ಬೇಡ. ಅದರ ಕಾರಣವನ್ನು ಹೆಜ್ಜೇನಿನ ಪ್ರಸ್ತಾಪ ಬಂದಾಗ ಹೇಳುತ್ತೇನೆ.

ಬೈನಾಕ್ಯುಲರ್ ಇಲ್ಲದೆಯೂ ಲಾಲ್‌ಬಾಗ್‌ನಲ್ಲಿ ಸಾಕಷ್ಟು ಕಾಣಬಹುದು. ಕೊಳ್ಳುವುದಾದರೆ 8×42 ಎಂದು ಬರೆದಿರುವುದನ್ನು ಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದನ್ನೂ ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನೂ ತಿಳಿಸುತ್ತದೆ. ಹೆಚ್ಚು ಪಟ್ಟು ತೋರಿಸುವುದೇ ಉತ್ತಮವೆಂದು ಅಂಗಡಿಯಲ್ಲಿ ಹೇಳಬಹುದು. ಆದರೆ ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ಹೆಚ್ಚಾಗಿ ಕಾಣುತ್ತದೆ, ಕಾಣುವ ಹರವು ಕಿರಿದಾಗುತ್ತದೆ, ಮುಂಜಾವಿನ ಮಬ್ಬಿನಲ್ಲಿ ಚಿತ್ರ ಕಪ್ಪಾಗುತ್ತದೆ. ಕೊಂಡ ಮೇಲೆ ಮನೆಯಲ್ಲಿಯೇ ಅದನ್ನು ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಬಲಗಣ್ಣನ್ನು ಮುಚ್ಚಿ, ದೂರದ ಒಂದು ಫಲಕದ ಅಕ್ಷರಗಳು ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರವನ್ನು ತಿರುಗಿಸಿ. ಬಳಿಕ ಎಡಗಣ್ಣನ್ನು ಮುಚ್ಚಿ, ನಡುವಿನ ಚಕ್ರವನ್ನು ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನು ಮಾತ್ರ ತಿರುಗಿಸಿ ಅದೇ ಅಕ್ಷರಗಳನ್ನು ಸ್ಪಷ್ಟಪಡಿಸಿಕೊಳ್ಳಿ. ಆಮೇಲೆ ಹಕ್ಕಿ ನೋಡುವಾಗ ನಡುವಿನ ಚಕ್ರವೊಂದನ್ನೇ ಬಳಸಿದರಾಯಿತು. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ತಿರುಗಿಸಿ ಅಥವಾ ಮಡಚಿ ನೋಡಬೇಕು.

ಹಕ್ಕಿ ಕಂಡೊಡನೆ ತಲೆ ತಗ್ಗಿಸಿ ಕೊರಳಿನ ಬೈನಾಕ್ಯುಲರ್ ಹುಡುಕುವುದು, ಅದನ್ನು ಕಣ್ಣಿಗಿಟ್ಟುಕೊಂಡು ಎಲೆಗಳ ನಡುವೆ ಹಕ್ಕಿಗಾಗಿ ತಡಕಾಡುವುದು ಹೊಸಬರೆಲ್ಲರ ಪಾಡು. ಹಕ್ಕಿಯಿಂದ ದೃಷ್ಟಿ ಕದಲಿಸದೆ, ಕೈಯನ್ನು ಮಾತ್ರ ಮೇಲೆತ್ತಿ ಬೈನಾಕ್ಯುಲರನ್ನು ಕಣ್ಣಿನ ಮುಂದಕ್ಕೆ ತರಬೇಕು. ಕುಳಿತ ಕಾಗೆಗಳ ಮೇಲೆ ಸ್ವಲ್ಪ ಹೊತ್ತು ಅಭ್ಯಾಸ ಮಾಡಿದರೆ ಇದು ಕೈಗೂಡುತ್ತದೆ.

ಬಿಸಿಲನ್ನು ಹಿಂಬಾಲಿಸುವುದು

ಹೆಚ್ಚು ನಡೆದಷ್ಟೂ ಹೆಚ್ಚು ಹಕ್ಕಿ ಸಿಗುತ್ತವೆ ಎಂಬುದು ಚಳಿಗಾಲದ ಉದ್ಯಾನದ ಮಟ್ಟಿಗೆ ನಿಜವಲ್ಲ. ತಂಪಿಗೆ ಜಡವಾಗಿದ್ದ ಹುಳುಹುಪ್ಪಟೆಗಳು ಬಿಸಿಲು ತಾಗಿದ ಮೇಲೆಯೇ ಕದಲುತ್ತವೆ. ಅವುಗಳ ಹಿಂದೆ ಹಕ್ಕಿಗಳು ಬರುತ್ತವೆ. ಬಿಸಿಲು ಮೊದಲು ಮರಗಳ ತುದಿಗೆ, ಆಮೇಲೆ ಪೂರ್ವದ ಮಗ್ಗುಲಿಗೆ, ಕೊನೆಗೆ ನೆಲಕ್ಕೂ ಬಂಡೆಗೂ ತಲುಪುತ್ತದೆ. ನಿಮ್ಮ ಬೆಳಗನ್ನೂ ಇದೇ ಕ್ರಮದಲ್ಲಿ ಜೋಡಿಸಿಕೊಂಡು, ಎರಡು ಮೂರು ಕಡೆಗಳಲ್ಲಿ ತಲಾ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ನಿಂತು ನೋಡಿದರೆ, ಇಡೀ ತೋಟವನ್ನು ಎರಡು ಸುತ್ತು ಹಾಕಿದವರಿಗಿಂತ ಹೆಚ್ಚು ಕಾಣುತ್ತೀರಿ.

ಮಬ್ಬು ಹರಿಯುವ ಮೊದಲು ಪೊಟರೆಗಳಿರುವ ಹಳೆಯ ಮರಗಳ ಕೆಳಗೆ ನಿಲ್ಲಿ. ರಾತ್ರಿಯ ಬೇಟೆ ಮುಗಿಸಿದ ಹಾಲಕ್ಕಿಗಳು, ಅಂದರೆ ಮೈಮೇಲೆ ಬಿಳಿ ಚುಕ್ಕೆಗಳಿರುವ ಪುಟ್ಟ ಗೂಬೆಗಳು, ಪೊಟರೆಯ ಬಾಯಲ್ಲಿ ಅಥವಾ ಪಕ್ಕದ ಕೊಂಬೆಯಲ್ಲಿ ಜೋಡಿಯಾಗಿ ಕುಳಿತಿರುತ್ತವೆ; ನಿಮ್ಮನ್ನು ಕಂಡರೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ದಿಟ್ಟಿಸುತ್ತವೆ. ಇದೇ ಹೊತ್ತಿನಲ್ಲಿ ಮಡಿವಾಳ ಹಕ್ಕಿಯ ಸಿಳ್ಳು, ಕುಟ್ರು ಹಕ್ಕಿಯ ಎಡೆಬಿಡದ ಕೂಗು, ಗಿಳಿಗಳ ಕಿರುಚಾಟ ಒಂದರ ಮೇಲೊಂದು ಕೇಳಿಬರುತ್ತವೆ. ಮೊದಮೊದಲು ಎಲ್ಲ ದನಿಗಳನ್ನೂ ಬಿಡಿಸಲು ಹೋಗಬೇಡಿ. ಒಂದು ದಿನಕ್ಕೆ ಒಂದು ದನಿಯನ್ನು ಆರಿಸಿಕೊಂಡು, ಅದು ಯಾವ ಹಕ್ಕಿಯದೆಂದು ಕಣ್ಣಾರೆ ಕಾಣುವವರೆಗೆ ಹಿಂಬಾಲಿಸಿ. ಬೇಸಿಗೆಯಲ್ಲಿ ಊರನ್ನೆಲ್ಲ ತುಂಬುವ ಕೋಗಿಲೆ ಡಿಸೆಂಬರ್‌ನಲ್ಲಿ ಬಹುಮಟ್ಟಿಗೆ ಮೌನವಾಗಿರುವುದರಿಂದ ಇದು ಕಿವಿ ಪಳಗಿಸಲು ಅನುಕೂಲದ ಕಾಲವೂ ಹೌದು.

ಬೆಳಕು ಮೂಡಿದೊಡನೆ ಕೆರೆಯ ಕಡೆಗೆ ನಡೆಯಿರಿ. ಸೂರ್ಯ ನಿಮ್ಮ ಬೆನ್ನಿಗಿರುವಂತೆ, ಎಂದರೆ ದಾರಿ ಬಿಟ್ಟಷ್ಟು ಮಟ್ಟಿಗೆ ಪೂರ್ವದ ಅಂಚಿನಲ್ಲಿ ನಿಂತು ಪಶ್ಚಿಮಕ್ಕೆ ನೋಡುವಂತೆ ಜಾಗ ಆರಿಸಿಕೊಳ್ಳುವುದು ಮುಖ್ಯ. ಎದುರು ಬೆಳಕಿನಲ್ಲಿ ಎಲ್ಲ ಹಕ್ಕಿಗಳೂ ಕಪ್ಪಗೆ ಕಾಣುತ್ತವೆ. ನೀರಂಚಿನಲ್ಲಿ ಕಂದುಗೀರುಗಳ ಮೈಯ ಕೊಳದ ಬಕ ಕೆಸರಿನ ಬಣ್ಣದಲ್ಲಿಯೇ ಕರಗಿ ಕುಳಿತಿರುತ್ತದೆ. ಎದ್ದು ಹಾರಿದಾಗ ಮಾತ್ರ ಅಚ್ಚ ಬಿಳಿಯ ರೆಕ್ಕೆಗಳು ಒಮ್ಮೆಲೇ ತೆರೆದುಕೊಂಡು, ಕುಳಿತದ್ದೇ ಬೇರೆ, ಹಾರಿದ್ದೇ ಬೇರೆ ಎಂಬ ಭ್ರಮೆ ಹುಟ್ಟಿಸುತ್ತವೆ. ಜೊಂಡಿನ ನಡುವೆ ನೇರಳೆ ಮೈ, ಕೆಂಪು ಕೊಕ್ಕು ಕಂಡರೆ ಅದು ಜಂಬುಕೋಳಿ. ಕಪ್ಪು ಮೈಗೆ ಹಣೆಯಲ್ಲಿ ಬಿಳಿಯ ನಾಮ ಇರುವುದು ನಾಮದ ಕೋಳಿ.

ರೆಕ್ಕೆ ಹರವಿ ಬಿಸಿಲು ಕಾಯುತ್ತ ಕುಳಿತ ಕಪ್ಪು ಹಕ್ಕಿಗಳಲ್ಲಿ ನೀರುಕಾಗೆ ಮತ್ತು ಹಾವಕ್ಕಿ ಎರಡೂ ಇರಬಹುದು, ಹೊಸಬರು ಇವನ್ನು ಒಂದೆಂದೇ ಬರೆದುಕೊಳ್ಳುತ್ತಾರೆ. ಎರಡೂ ನೀರೊಳಗೆ ಮುಳುಗಿ ಮೀನು ಹಿಡಿಯುತ್ತವೆ, ಎರಡರ ಗರಿಗಳೂ ನೀರಿನಲ್ಲಿ ತೋಯುತ್ತವೆ. ಹಾಗೆ ತೋಯುವುದರಿಂದಲೇ ಮುಳುಗುವುದು ಸುಲಭವಾಗುತ್ತದೆ, ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಬೇಕಾಗುತ್ತದೆ. ಕೊಕ್ಕನ್ನು ನೋಡಿ: ತುದಿ ಕೊಂಡಿಯಂತೆ ಬಾಗಿದ್ದರೆ ನೀರುಕಾಗೆ, ಭರ್ಜಿಯಂತೆ ನೇರವಾಗಿ ಚೂಪಾಗಿದ್ದರೆ ಹಾವಕ್ಕಿ. ಹಾವಕ್ಕಿ ಮೈಯನ್ನೆಲ್ಲ ಮುಳುಗಿಸಿ ಉದ್ದನೆಯ ಕತ್ತನ್ನಷ್ಟೇ ಮೇಲಿಟ್ಟು ಈಜುವುದನ್ನು ಒಮ್ಮೆ ಕಂಡರೆ ಮತ್ತೆ ಗೊಂದಲ ಉಳಿಯುವುದಿಲ್ಲ. ಚೀಲದಂಥ ಭಾರೀ ಕೊಕ್ಕಿನ ಹೆಜ್ಜಾರ್ಲೆ (ಪೆಲಿಕನ್) ಬಂದಿದ್ದರೆ ಅದನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ.

ಕೆರೆಯಂಚಿನ ಕಾಲುದಾರಿಯನ್ನೂ ಮರೆಯಬೇಡಿ. ಗುಬ್ಬಿಗಿಂತ ತುಸು ಉದ್ದನೆಯ ಮೈ, ಬೂದು ಬೆನ್ನು, ಬಾಲದ ಬುಡದಡಿ ಹಳದಿ, ಕ್ಷಣಕ್ಕೊಮ್ಮೆ ಕುಣಿಯುವ ಬಾಲ ಇವಿಷ್ಟು ಕಂಡರೆ ಅದು ಬೂದು ಸಿಪಿಲೆ. ಪರ್ವತ ಪ್ರದೇಶದ ತೊರೆಗಳ ಬಳಿ ಮರಿಮಾಡುವ ಈ ಹಕ್ಕಿ ಸೆಪ್ಟೆಂಬರ್ ಹೊತ್ತಿಗೆ ದಕ್ಷಿಣಕ್ಕೆ ಬರುತ್ತದೆ. ವರ್ಷವಿಡೀ ಇಲ್ಲಿಯೇ ಇರುವ, ಬಿಳಿ ಹುಬ್ಬಿನ ಕಪ್ಪುಬಿಳುಪು ಸಿಪಿಲೆಯಿಂದ ಇದನ್ನು ಬೇರ್ಪಡಿಸಲು ಆ ಹಳದಿಯೊಂದೇ ಸಾಕು.

ಬಿಸಿಲು ಮರಗಳ ಮಗ್ಗುಲಿಗೆ ಇಳಿದಾಗ, ಸುಮಾರು 7.30ರಿಂದ 9ರವರೆಗೆ, ಕೆರೆಯನ್ನು ಬಿಟ್ಟು ಮರಗಳ ಬಳಿಗೆ ಬನ್ನಿ. ಬೆಳಗಿನ ಅತ್ಯುತ್ತಮ ಭಾಗ ಇದೇ. ಅತ್ತಿ, ಆಲ, ಗೋಣಿಗಳಲ್ಲಿ ಯಾವುದಾದರೂ ಹಣ್ಣು ಬಿಟ್ಟಿದ್ದರೆ ಅಲ್ಲಿಂದ ಕದಲಬೇಕಾದ ಅಗತ್ಯವೇ ಇಲ್ಲ. ಕುಟ್ರು ಹಕ್ಕಿ, ಕಂಚುಗಾರ ಹಕ್ಕಿ, ಪಿಕಳಾರ, ಕೋಗಿಲೆ, ಗೊರವಂಕಗಳು ಸರದಿಯಲ್ಲಿ ಬರುತ್ತವೆ. ಗಸಗಸೆ ಹಣ್ಣಿನ ಮರದಲ್ಲಿ ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ ಟಿಕ್ ಟಿಕ್ ಎನ್ನುತ್ತ ಓಡಾಡುತ್ತದೆ. ಜನವರಿಯ ಕೊನೆಗೆ ಕೆಂಪು ಬೂರುಗ ಹೂಬಿಡತೊಡಗಿದರೆ ಜೇನು ಹೀರಲು ಸೂರಕ್ಕಿಗಳಷ್ಟೇ ಅಲ್ಲ, ಕಾಜಾಣ ಮತ್ತು ಗೊರವಂಕಗಳೂ ಸೇರುತ್ತವೆ. ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಕಬ್ಬಕ್ಕಿಯ ಹಿಂಡು ಕಾಣಬಹುದಾದ ಜಾಗವೂ ಅದೇ.

ಎಲೆಗಳ ನಡುವೆ ಒಂದೆಡೆ ನಿಲ್ಲದೆ ಜಿಗಿಯುವ, ಗುಬ್ಬಿಗಿಂತ ಚಿಕ್ಕದಾದ, ಮಾಸಲು ಹಸಿರಿನ ಹಕ್ಕಿಯೊಂದು ಚಳಿಗಾಲದುದ್ದಕ್ಕೂ ನಿಮ್ಮನ್ನು ಸತಾಯಿಸುತ್ತದೆ. ಅದು ಹಸಿರು ಉಲಿಯಕ್ಕಿ. ಕಣ್ಣಿನ ಮೇಲಿನ ಮಸುಕು ಹುಬ್ಬು, ರೆಕ್ಕೆಯ ಮೇಲಿನ ಕಿರಿದಾದ ಬಿಳಿಗೆರೆ ಕಾಣಿಸಿದರೆ ಅದೃಷ್ಟ. ಕಾಣಿಸದಿದ್ದರೂ ‘ಚಿಸ್ಸ್-ವೀ’ ಎಂಬಂಥ ಎರಡು ಉಸಿರಿನ ಕೂಗಿನಿಂದ ಅದನ್ನು ಗುರುತಿಸಬಹುದು. ಹಿಮಾಲಯದಿಂದಲೂ ಅದಕ್ಕಿಂತ ಬಡಗಣ ಕಾಡುಗಳಿಂದಲೂ ಬರುವ ಈ ಸಣ್ಣ ಜೀವ ನಗರದ ಬೀದಿಮರಗಳಲ್ಲಿಯೂ ಚಳಿಗಾಲ ಕಳೆಯುತ್ತದೆ. ಒಮ್ಮೆ ಆ ದನಿ ಪರಿಚಯವಾದರೆ ನಿಮ್ಮ ಮನೆಯ ಮುಂದಿನ ಮರದಲ್ಲಿಯೂ ಅದು ಕೇಳಿಸತೊಡಗುತ್ತದೆ.

ಉಲಿಯಕ್ಕಿಯ ಸುತ್ತಮುತ್ತ ಚೇಕಡಿ ಹಕ್ಕಿ, ಬೆಳ್ಗಣ್ಣ, ನೊಣಹಿಡುಕಗಳು ಒಟ್ಟಾಗಿ ಸಾಗುತ್ತಿದ್ದರೆ ಅದನ್ನು ಮಿಶ್ರ ಹಿಂಡು ಎನ್ನುತ್ತಾರೆ. ಹತ್ತು ನಿಮಿಷ ಏನೂ ಇಲ್ಲದ ಮರ ಇದ್ದಕ್ಕಿದ್ದಂತೆ ತುಂಬಿ, ಅಷ್ಟೇ ಬೇಗ ಬರಿದಾಗುತ್ತದೆ. ಹಿಂಡಿನ ಹಿಂದೆ ಓಡಬೇಡಿ. ಅದು ಸಾಗುತ್ತಿರುವ ದಿಕ್ಕನ್ನು ಗಮನಿಸಿ, ಒಂದೆರಡು ಮರ ಮುಂದೆ ಹೋಗಿ ನಿಂತರೆ ಅದೇ ನಿಮ್ಮ ಬಳಿಗೆ ಬರುತ್ತದೆ. ಹಿಂಡಿನ ಮೇಲಿನ ಅಂತಸ್ತಿನಲ್ಲಿ ಕವಲುಬಾಲದ ಕಾಜಾಣವೊಂದು ಕಾದು ಕುಳಿತಿರುವುದು ಸಾಮಾನ್ಯ. ಅದರ ಕಣ್ಣು ಕೆಂಪಾಗಿ, ಮೈ ಬೂದುಗಪ್ಪಾಗಿದ್ದರೆ ಚಳಿಗಾಲಕ್ಕಷ್ಟೇ ಬರುವ ಬೂದು ಕಾಜಾಣ. ಮಿರುಗುವ ಕಪ್ಪಿದ್ದು, ತಂತಿಯ ಮೇಲೋ ಬಯಲಿನ ಕೊಂಬೆಯ ಮೇಲೋ ಕುಳಿತಿದ್ದರೆ ಇಲ್ಲಿಯದೇ ಆದ ಕರಿ ಕಾಜಾಣ.

ಗುರುತಿಸುವ ಬಗೆ

ಹೊಸಬರು ಬಣ್ಣವನ್ನು ಮೊದಲು ನೋಡುತ್ತಾರೆ. ಬಣ್ಣ ಬೆಳಕಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಕ್ಷೇಮ. ಮೊದಲು ಗಾತ್ರ: ಗುಬ್ಬಿ, ಗೊರವಂಕ, ಕಾಗೆ, ಹದ್ದು ಎಂಬ ನಾಲ್ಕು ಅಳತೆಗೋಲುಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ಕೇಳಿಕೊಳ್ಳಿ. ಆಮೇಲೆ ಕೊಕ್ಕಿನ ಆಕಾರ, ಬಾಲದ ಉದ್ದ, ಕುಳಿತ ಜಾಗ, ಮಾಡುತ್ತಿರುವ ಕೆಲಸ. ನೆಲದಲ್ಲಿ ಕೆದಕುತ್ತಿದೆಯೋ, ಕಾಂಡಕ್ಕೆ ಅಂಟಿಕೊಂಡು ಏರುತ್ತಿದೆಯೋ, ಒಂದೇ ಕೊಂಬೆಯಿಂದ ಹಾರಿ ಹುಳು ಹಿಡಿದು ಮತ್ತೆ ಅಲ್ಲಿಗೇ ಮರಳುತ್ತಿದೆಯೋ ಎಂಬುದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಪುಸ್ತಕ ತೆರೆಯುವುದು ಹಕ್ಕಿ ಹಾರಿಹೋದ ಮೇಲೆ. ಅದು ಎದುರಿಗಿರುವಷ್ಟು ಹೊತ್ತೂ ಕಣ್ಣು ಅದರ ಮೇಲಿರಲಿ.

ಜೊತೆಯವರಿಗೆ ತೋರಿಸುವಾಗ ‘ಅಲ್ಲಿ, ಅಲ್ಲಿ’ ಎಂದು ಕೈಚಾಚಿದರೆ ಹಕ್ಕಿ ಹಾರುತ್ತದೆ, ಅವರಿಗೂ ಕಾಣುವುದಿಲ್ಲ. ಮರವನ್ನು ಗಡಿಯಾರದ ಮುಖವೆಂದುಕೊಂಡು ‘ಮೂರನೆಯ ಮರ, ಹತ್ತು ಗಂಟೆಯ ಕಡೆ, ಒಣಗಿದ ಕೊಂಬೆಯ ಬುಡ’ ಎಂದು ಮೆಲ್ಲಗೆ ಹೇಳಿದರೆ ಸಾಕು. ಮೊಬೈಲ್‌ನಲ್ಲಿ ದನಿ ಕೇಳಿ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್‌ಗಳು ಉಪಯುಕ್ತವಾದರೂ ಅವು ಹೇಳಿದ್ದೆಲ್ಲವೂ ನಿಜವಲ್ಲ. ಕಾಜಾಣದಂಥ ಹಕ್ಕಿಗಳು ಬೇರೆಯವುಗಳ ದನಿಯನ್ನು ಅನುಕರಿಸುತ್ತವೆ. ಆ್ಯಪ್ ಹೇಳಿದ ಹೆಸರನ್ನು ಹುಡುಕಿ ನೋಡಲು ಸಿಕ್ಕ ಸುಳಿವೆಂದು ಮಾತ್ರ ತೆಗೆದುಕೊಳ್ಳಿ.

ಬಂಡೆ, ಹದ್ದು, ಉಳಿದ ಜೀವಿಗಳು

9 ಗಂಟೆಯ ಬಳಿಕ ಮರಗಳು ಮೆಲ್ಲಗೆ ಮೌನವಾಗುತ್ತವೆ. ಆಗ ಕೆಂಪೇಗೌಡ ಗೋಪುರವಿರುವ ಬಂಡೆಯನ್ನೇರಿ. ಸುಮಾರು 300 ಕೋಟಿ ವರ್ಷ ಹಳೆಯದಾದ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದ ಈ ಬಂಡೆಯ ಮೇಲಿನಿಂದ ಬಾನು ಅಡೆತಡೆಯಿಲ್ಲದೆ ಕಾಣುತ್ತದೆ. ಕಾದ ನೆಲದಿಂದ ಬಿಸಿಗಾಳಿ ಮೇಲೇಳತೊಡಗಿದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆಯೇ ಸುತ್ತುತ್ತ ಏರುತ್ತವೆ. ಬಾಲದ ತುದಿ ಕವಲಾಗಿದ್ದರೆ ಸಾಮಾನ್ಯ ಹದ್ದು. ಬಾಲ ದುಂಡಗಿದ್ದು, ತಲೆ ಎದೆ ಬಿಳಿಯಾಗಿ ಉಳಿದ ಮೈ ಇಟ್ಟಿಗೆಗೆಂಪಾಗಿದ್ದರೆ ಗರುಡ. ಚಳಿಗಾಲ ಹದ್ದುಗಳು ಗೂಡು ಕಟ್ಟುವ ಕಾಲ. ಕಾಲಲ್ಲಿ ಕಡ್ಡಿ ಹಿಡಿದು ಒಂದೇ ಮರದತ್ತ ಮತ್ತೆ ಮತ್ತೆ ಹೋಗುವ ಹದ್ದನ್ನು ಕಂಡರೆ ಆ ಮರದಡಿ ನಿಲ್ಲಬೇಡಿ. ಗೂಡಿನ ಬಳಿ ಬಂದವರ ತಲೆಗೆ ಅದು ಎರಗುವುದುಂಟು.

ಬಂಡೆಯ ಬಿರುಕುಗಳಿಂದ ಓತಿಕ್ಯಾತಗಳು ಬಿಸಿಲು ಕಾಯಲು ಹೊರಬರುವುದೂ ಈ ಹೊತ್ತಿನಲ್ಲಿಯೇ. ಬೆನ್ನಿನ ಮೇಲೆ ಮೂರು ಗೆರೆಗಳ ಅಳಿಲು ಎಲ್ಲೆಡೆಯೂ ಇದೆ. ಅದು ಒಂದೇ ಸಮನೆ ಚೀರುತ್ತಿದ್ದರೆ ಸುತ್ತ ಕಣ್ಣಾಡಿಸಿ. ಬೆಕ್ಕೋ, ಹಾವೋ, ಬಿಜ್ಜು ಎಂಬ ಸಣ್ಣ ಬೇಟೆಹಕ್ಕಿಯೋ ಹತ್ತಿರದಲ್ಲಿರುವ ಸಾಧ್ಯತೆ ಹೆಚ್ಚು. ಪೊದೆಗಳ ಬುಡದಲ್ಲಿ ಮುಂಗುಸಿ ಕಂಡರೆ ಕದಲದೆ ನಿಲ್ಲಿ. ಅದು ಅಡಗಿದರೂ ಸ್ವಲ್ಪ ಹೊತ್ತಿಗೆ ಮತ್ತೆ ತಲೆ ಹೊರಹಾಕಬಹುದು. ಕೋತಿಗಳ ಎದುರು ತಿಂಡಿಯ ಪೊಟ್ಟಣ ಬಿಚ್ಚಬಾರದು.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ಹೆಜ್ಜೇನಿನ ಬಗ್ಗೆ. ಎತ್ತರದ ಮರಗಳ ದಪ್ಪ ಕೊಂಬೆಗಳಲ್ಲಿ ತೂಗುವ ಹುಟ್ಟುಗಳನ್ನು ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೆ, ಮೇಲ್ಮೈಯ ಜೇನುಗಳು ಒಟ್ಟಾಗಿ ಮೈ ಎತ್ತಿ ಇಳಿಸುವ ಅಲೆಯಂಥ ಚಲನೆ ಕಾಣುತ್ತದೆ. ಬಳಿ ಬರುವ ಶತ್ರುವನ್ನು ಬೆದರಿಸುವ ಕ್ರಮವದು. ಅದರ ಕೆಳಗೆ ನಿಲ್ಲುವುದು, ಫ್ಲ್ಯಾಶ್ ಹಾಕಿ ಚಿತ್ರ ತೆಗೆಯುವುದು, ಕಟು ಪರಿಮಳ ಪೂಸಿಕೊಂಡು ಹೋಗುವುದು ಕೂಡದು. ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಆದಷ್ಟು ಬೇಗ ದೂರ ಹೋಗಿ ಕಟ್ಟಡದೊಳಗೆ ಸೇರಿಕೊಳ್ಳಬೇಕು.

ಹಕ್ಕಿಯನ್ನು ಹತ್ತಿರ ಕರೆಯಲು ಮೊಬೈಲ್‌ನಲ್ಲಿ ಅದರ ಕೂಗನ್ನು ನುಡಿಸುವ ಚಟ ಕೆಲವರಿಗಿದೆ. ತನ್ನ ಎಲ್ಲೆಯೊಳಗೆ ಎದುರಾಳಿ ಬಂದಿದೆಯೆಂದು ತಿಳಿದು ಹಕ್ಕಿ ಆಹಾರ ಬಿಟ್ಟು ಅಲೆಯುತ್ತದೆ. ದಿನಕ್ಕೆ ನೂರಾರು ಜನ ಬರುವ ತೋಟದಲ್ಲಿ ಇದು ಅನ್ಯಾಯ. ಹಾಲಕ್ಕಿಯ ಪೊಟರೆಗೆ ಟಾರ್ಚ್ ಹಾಯಿಸುವುದೂ ಅಂಥದ್ದೇ.

ಬರೆದಿಡುವುದು

ಚಿಕ್ಕ ಪುಸ್ತಕವೊಂದರಲ್ಲಿ ದಿನಾಂಕ, ಆರಂಭಿಸಿದ ವೇಳೆ, ಮುಗಿಸಿದ ವೇಳೆ, ಕಂಡ ಪ್ರತಿ ಹಕ್ಕಿಯ ಹೆಸರು ಮತ್ತು ಸಂಖ್ಯೆಯನ್ನು ಅಲ್ಲಿಯೇ ಬರೆದುಕೊಳ್ಳಿ. ಮನೆಗೆ ಬಂದು ನೆನಪಿನಿಂದ ಬರೆದ ಪಟ್ಟಿಯಲ್ಲಿ ಅಪರೂಪದವು ಉಳಿದು ಕಾಗೆ ಪಾರಿವಾಳಗಳು ಬಿಟ್ಟುಹೋಗುತ್ತವೆ, ಅದರಿಂದ ಆ ಪಟ್ಟಿಯ ಬೆಲೆ ಕುಗ್ಗುತ್ತದೆ. ಇ-ಬರ್ಡ್ ಎಂಬ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ದಾಖಲಿಸುವುದಾದರೆ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಸೇರಿಸಿದ ಪೂರ್ಣ ಪಟ್ಟಿಯನ್ನೇ ಕೊಡಿ. ಏಕೆಂದರೆ ಯಾವ ಹಕ್ಕಿ ಕಾಣಲಿಲ್ಲ ಎಂಬುದು ತಿಳಿಯುವುದು ಪೂರ್ಣ ಪಟ್ಟಿಯಿಂದ ಮಾತ್ರ. ಹೆಸರು ಖಚಿತವಾಗದ ಹಕ್ಕಿಯನ್ನು ‘ಉಲಿಯಕ್ಕಿ, ಯಾವುದೆಂದು ತಿಳಿಯದು’ ಎಂದು ಬರೆಯಲು ಸಂಕೋಚ ಬೇಡ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಭಾರತ 2013ರಿಂದ ಭಾಗವಹಿಸುತ್ತಿದೆ. ಕನಿಷ್ಠ 15 ನಿಮಿಷ ನೋಡಿ ಎಣಿಸಿದ ಪಟ್ಟಿಯನ್ನು ಯಾರಾದರೂ ಸೇರಿಸಬಹುದು.

ಒಬ್ಬರೇ ಹೋಗಲು ಹಿಂಜರಿಯುವವರು ಬೆಂಗಳೂರಿನ ಪಕ್ಷಿವೀಕ್ಷಕರ ಬಳಗದವರು ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ರೂಢಿಯನ್ನು ವಿಚಾರಿಸಿಕೊಳ್ಳಬಹುದು. ಅನುಭವಿಗಳ ಜೊತೆ ಒಂದು ಬೆಳಗು ಸುತ್ತಿದರೆ ಪುಸ್ತಕದಲ್ಲಿ ಹುಡುಕುವ ಶ್ರಮ ಬಹಳಷ್ಟು ಉಳಿಯುತ್ತದೆ. ಮೈಸೂರಿನವರು ಕುಕ್ಕರಹಳ್ಳಿ ಕೆರೆಯಲ್ಲಿ ಇದೇ ಕ್ರಮವನ್ನು ಪಾಲಿಸಬಹುದು, ಅಲ್ಲಿ ಕೆರೆಗೆ ಹೆಚ್ಚು ಹೊತ್ತು ಕೊಡಬೇಕಷ್ಟೆ.

ಒಂದೇ ಜಾಗಕ್ಕೆ ಎರಡು ವಾರಕ್ಕೊಮ್ಮೆ ಹೋಗುತ್ತಿದ್ದರೆ ಫೆಬ್ರುವರಿಯ ನಂತರ ಪಟ್ಟಿಯಲ್ಲಿ ಒಂದೊಂದೇ ಹೆಸರು ಕಾಣೆಯಾಗುವುದು ತಿಳಿಯುತ್ತದೆ. ಬೂದು ಸಿಪಿಲೆ, ಬೂದು ಕಾಜಾಣ, ಹಸಿರು ಉಲಿಯಕ್ಕಿ ಈ ಮೂರನ್ನು ಕೊನೆಯ ಬಾರಿ ಕಂಡ ದಿನಾಂಕಕ್ಕೆ ಪುಸ್ತಕದಲ್ಲಿ ಗೆರೆ ಎಳೆದಿಡಿ. ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿ ಕಂಡ ದಿನಾಂಕವನ್ನು ಅದರ ಪಕ್ಕದಲ್ಲಿಯೇ ಬರೆಯಲು ಜಾಗ ಬಿಡಿ.